ನನಗೆ ಆಗಿಬಾರದ ಗಾಡಿ

ರಾಯಚೂರಿನ ನಮ್ಮ ಮನೆಯಲ್ಲಿ ಎರಡು ನೀರು. ನಳದ್ದು ಸಿಹಿನೀರು. ಅದು ತನಗೆ ಮನಸ್ಸು ಬಂದಾಗ ಬರುತ್ತದೆ, ಮನಸ್ಸು ಬಂದಾಗ ಹೋಗುತ್ತದೆ. ಬೋರಿನದು ಸವುಳು ನೀರು. ಬಟನ್ ಒತ್ತಿದರೆ ಸಾಕು, ಟಾಕಿ ತುಂಬಿ ಹರಿಯುತ್ತದೆ. ಸಿಹಿನೀರು ಕುಡಿಯಲಿಕ್ಕೆ, ಅಡಿಗೆಗೆ, ದೇವರ ಜಗಲಿಗೆ. ಉಳಿದದ್ದಕ್ಕೆಲ್ಲ ಬೋರು. ಮನೆಗೆ ಕಾರು ಬಂದಾಗ ಅದಕ್ಕೆ ಯಾವ ನೀರು ಎಂದು ಕೂತು ಚರ್ಚೆ ಮಾಡುವ ಪ್ರಸಂಗವೇ ಬರಲಿಲ್ಲ. ನಮ್ಮ ಯಜಮಾನರು ಒಂದೇ ಮಾತಿನಲ್ಲಿ ಮುಗಿಸಿದರು.

“ಮನುಷ್ಯಾರಿಗೇ ಕುಡ್ಯಾಕ ಸಿಹಿನೀರಿಲ್ಲ, ಗಾಡಿಗಿ ಎಲ್ಲಿಂದ ತರೋಣು? ಬೋರಿನ ನೀರ ಹಾಕು.”

ಹಾಕಿದೆ. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ, ಅದೇ ಬಕೀಟಿನಿಂದ ಒಂದು ಚೊಂಬು ತುಂಬಿಕೊಂಡು ಕಾರಿನ ಬಾನೆಟ್ ಎತ್ತಿ ರೇಡಿಯೇಟರಿಗೆ ಹಾಕುವುದು ನನ್ನ ಕೆಲಸವಾಯಿತು. ಆ ಕಾರು ನಮ್ಮ ಮನೆಗೆ ಬರುವಾಗಲೇ ಹಳೆಯದು. ಒಂದು ರೈಸ್ ಮಿಲ್ಲಿನವರು ದೊಡ್ಡ ಗಾಡಿ ತೆಗೆದುಕೊಂಡ ಮೇಲೆ ತಮ್ಮ ಈ ಬಿಳಿ ಸಣ್ಣ ಕಾರನ್ನು ನಮಗೆ ಕೊಟ್ಟರು. ನಮ್ಮೂರ ಬಿಸಿಲಿಗೆ ಅದಕ್ಕೆ ಮೇಲಿಂದ ಮೇಲೆ ನೀರಡಿಕೆ. ಒಮ್ಮೆ ಗಾಡಿ ಓಡಿ ಬಂದ ಕೂಡಲೇ ಅವಸರ ಮಾಡಿ ಮುಚ್ಚಳ ತೆಗೆದು ಕೈ ಸುಟ್ಟುಕೊಂಡೆ. ಅಮಾವಾಸ್ಯೆಯ ದಿನ ಬಾನೆಟ್ಟಿಗೆ ವಿಭೂತಿ ಹಚ್ಚಿ, ಗಾಲಿಗೆ ಲಿಂಬೆಹಣ್ಣು ಇಡುವವಳೂ ನಾನೇ. ಹೀಗೆ ಕಾರಿನ ಊಟ, ನೀರು, ಪೂಜೆ ಎಲ್ಲ ನನ್ನದು. ಹೊಡೆಯುವುದು ಮಾತ್ರ ಅವರದು.

ನನಗೆ ಹೊಡೆಯಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಬಹಳ ಆಸೆ ಇತ್ತು.

ಆಸೆಗೆ ಕಾರಣ ನನ್ನ ತಂಗಿ. ಆಕೆಯನ್ನು ಮಾನವಿಗೆ ಕೊಟ್ಟಿದ್ದೆವು. ನಮ್ಮಿಬ್ಬರನ್ನೂ ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಸಾಕಿದ್ದು ದೇವದುರ್ಗದ ಸಣ್ಣವ್ವ, ನಮ್ಮ ಅವ್ವನ ತಂಗಿ. ಆ ಸಣ್ಣವ್ವನ ಮನೆಗೆ ನಾವು ಅಕ್ಕ ತಂಗಿ ಇಬ್ಬರೇ ಹೋಗಬೇಕು ಎಂಬುದು ಮದುವೆಯಾದಾಗಿನಿಂದ ಆಡಿಕೊಂಡು ಬಂದ ಮಾತು. ಗಂಡಸರ ಜೊತೆ ಹೋದರೆ ಗಾಡಿ ಎಲ್ಲೂ ನಿಲ್ಲುವುದಿಲ್ಲ. ಹತ್ತು, ಕೂಡು, ಇಳಿ, ಅಷ್ಟೇ. ಕಾಲುವೆ ಕಂಡಲ್ಲಿ ಇಳಿದು ಕಾಲು ತೊಯ್ಸಬೇಕು, ಬಂಡಿ ಕಂಡಲ್ಲಿ ನಿಂತು ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನಬೇಕು, ಸಣ್ಣವ್ವನ ಪಡಸಾಲೆಯಲ್ಲಿ ಬಿದ್ದುಕೊಂಡು ಹರಟಬೇಕು, ಯಾರೂ ‘ಹೊತ್ತಾತು, ಏಳ್ರಿ’ ಅನ್ನಬಾರದು. ನಾನು ಕಾರು ಹೊಡೆದುಕೊಂಡು ಮಾನವಿಗೆ ಬರುವುದು, ಆಕೆಯನ್ನು ಹತ್ತಿಸಿಕೊಳ್ಳುವುದು, ದೇವದುರ್ಗಕ್ಕೆ ಹೋಗುವುದು. ಇಷ್ಟೇ ನಮ್ಮ ದೊಡ್ಡ ಯೋಜನೆ. ಫೋನ್ ಮಾಡಿದಾಗಲೆಲ್ಲ ಆಕೆಯ ಮೊದಲನೇ ಮಾತು, “ಯಕ್ಕಾ, ಎಲ್ಲಿ ತನಕ ಬಂತು ನಿನ್ನ ಡ್ರೈವರಕಿ?”

ಬಂದಿದ್ದರಲ್ಲವೇ ಹೇಳುವುದು. ನಾನು ಕೇಳಿದಾಗಲೆಲ್ಲ ಕಾರಿಗೆ ಒಂದಿಲ್ಲೊಂದು ಜಡ್ಡು. ಹಳೇ ಗಾಡಿಯ ಜಡ್ಡು ಮನೆಯ ಮುದುಕರ ಜಡ್ಡಿನ ಹಾಗೆ, ಒಂದು ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಸೆಲ್ಫ್ ಹಿಡಿಯದೆ ಓಣಿಯವರನ್ನೆಲ್ಲ ಕರೆದು ನೂಕಿಸಿದ್ದಾಯಿತು. ಬ್ಯಾಟರಿ ಹೊಸದು ಹಾಕಿಸಿದ ಮೇಲೆ ದೋಷ ಬ್ಯಾಟರಿಯದಲ್ಲ, ವೈರಿನದು ಎಂದು ಗೊತ್ತಾಯಿತು. ಮುಂದಿನ ಶಾಕ್ ಅಬ್ಸಾರ್ಬರ್ ಹೋಗಿ ಪ್ರತಿ ತಗ್ಗಿಗೂ ‘ಗಡಕ್’ ಎಂದು ಸೊಂಟ ಮುರಿಯುತ್ತಿತ್ತು. ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದು, ನಾವು ಓಣಿಯ ತುದಿಗೆ ಬರುತ್ತಲೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಹಿಂದಿನ ಎಡಗಡೆಯ ಗಾಜು ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಎರಡೂ ಅಂಗೈಯಿಂದ ಒತ್ತಿ ಹಿಡಿದು ಮೇಲಕ್ಕೆ ತಳ್ಳಬೇಕು, ಅದಕ್ಕೂ ನಾನೇ. ಎ.ಸಿ. ಗ್ಯಾಸು ಪ್ರತಿ ಬೇಸಿಗೆಗೆ ತುಂಬಿಸುವುದು, ಪ್ರತಿ ಬೇಸಿಗೆ ಮುಗಿಯುವ ಮೊದಲೇ ಅದು ಎಲ್ಲಿಗೋ ಹೋಗಿಬಿಡುವುದು. ಇವೆಲ್ಲಕ್ಕೂ ಸುರಿದ ರೊಕ್ಕ ಕೂಡಿಸಿದರೆ ಹೊಸ ಗಾಡಿಯ ಮೂರು ಗಾಲಿಯಾದರೂ ಬರುತ್ತಿದ್ದವು ಎಂದು ನಾನು ಬೈಯುತ್ತಿದ್ದೆ. ನಮ್ಮವರು ಕೇಳಿಸದವರ ಹಾಗೆ ಕಾರು ಒರೆಸುತ್ತಿದ್ದರು.

“ಕಲಿಸ್ರಿ ನನಗ” ಎಂದರೆ, “ಈ ರಿಪೇರಿ ಒಂದು ಮುಗೀಲಿ ತಡಿ.” ಅದು ಮುಗಿದರೆ, “ಕ್ಲಚ್ ಪ್ಲೇಟ್ ಸವದಾವ. ಹೊಸಬರು ಹೊಡದ್ರಂದ್ರ ಪೂರಾ ಹೋಗ್ತಾವ.” ಡ್ರೈವಿಂಗ್ ಸ್ಕೂಲಿಗೆ ಹೋಗುತ್ತೇನೆ ಎಂದರೆ, “ಮನ್ಯಾಗ ಗಾಡಿ ಇಟ್ಕೊಂಡು ಮಂದಿಗಿ ರೊಕ್ಕ ಕೊಟ್ಟು ಕಲೀತಿಯೇನು? ನಾ ಕಲಸ್ತೀನಲ್ಲ.” ಅವರು ಕೆಟ್ಟವರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಮಾಸ್ತರರು, ಮಕ್ಕಳಿಗೆ ಒಂದೇಟು ಹೊಡೆದವರಲ್ಲ. ನಾನು ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ, ಅದಕ್ಕೂ ಅಡ್ಡ ಬಂದವರಲ್ಲ. ಆದರೆ ಆ ಸ್ಟೇರಿಂಗ್ ಮುಂದಿನ ಸೀಟು ಮಾತ್ರ ಅವರ ಕುರ್ಚಿ.

ಕೊನೆಗೆ ಕ್ಲಚ್ ನಿಜವಾಗಿಯೂ ಹೋಯಿತು. ಹೊಸ ಸೆಟ್ ಹಾಕಿಸಿ ಏಳು ಸಾವಿರ ಕೊಟ್ಟು ಬಂದ ಮೇಲೆ ಅವರಿಗೆ ಹೇಳಲು ನೆವ ಉಳಿಯಲಿಲ್ಲ. ಕಲಿಯುವವರ ಲೈಸೆನ್ಸನ್ನು ನಾನು ಮೊದಲೇ ಮಾಡಿಸಿಟ್ಟುಕೊಂಡಿದ್ದೆ. ಬೇಸಿಗೆಯ ಒಂದು ಭಾನುವಾರ ಮಾನವಿಗೆ ಹೊರಟೆವು. ಕಲ್ಲೂರು ದಾಟಿ ರಸ್ತೆ ಖಾಲಿಯಾಗುತ್ತಲೇ ಅವರು ಕಾರು ಬದಿಗೆ ಹಚ್ಚಿ ಇಳಿದರು.

“ಬಾ, ಕೂಡು.”

ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಕೂತೆ. ಮೊದಲು ಎರಡು ಸಲ ಬಂದ್ ಬಿತ್ತು. ಮೂರನೇ ಸಲಕ್ಕೆ ಕಾರು ಮುಂದೆ ಸರಿಯಿತು. ಅಯ್ಯೋ, ಆ ಖುಷಿಯನ್ನು ಹೇಗೆ ಹೇಳಲಿ! ಇಷ್ಟು ವರ್ಷ ನೀರು ಕುಡಿಸಿ ಸಾಕಿದ ಪ್ರಾಣಿ ನನ್ನ ಮಾತು ಕೇಳುತ್ತಿದೆ ಅನಿಸಿತು. ಎರಡನೇ ಗೇರಿಗೆ ಬಂದೆ. ಮೂರನೆಯದಕ್ಕೂ ಬಂದೆ. ಭತ್ತ ಕೊಯ್ದ ಗದ್ದೆಗಳು ಎರಡೂ ಬದಿಗೆ ಹಿಂದೆ ಹೋಗುತ್ತಿದ್ದವು. ನಮ್ಮವರು ಒಂದು ಕೈಯಲ್ಲಿ ಹ್ಯಾಂಡ್ ಬ್ರೇಕ್, ಇನ್ನೊಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, “ಸಾವಕಾಶ, ಸಾವಕಾಶ” ಎನ್ನುತ್ತಿದ್ದರು. ನಾನು ಜೋರಾಗಿ ನಗುತ್ತಿದ್ದೆ. ತಂಗಿಯ ಮನೆಯ ಮುಂದೆ ಹೋಗಿ ಹಾರ್ನ್ ಬಾರಿಸಿದಾಗ ಆಕೆಯ ಮುಖ ಹೇಗಾಗಬಹುದು ಎಂದು ನೆನೆಸಿಕೊಂಡು ನಗುತ್ತಿದ್ದೆ.

ಸ್ವಲ್ಪ ದೂರ ಹೋಗಿರಬೇಕು. ಕರಕಲು ವಾಸನೆ ಬಂತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದು ಎದುರಿನ ಗಾಜು ಮಸುಕಾಯಿತು.

“ನಿಲ್ಲಸು! ನಿಲ್ಲಸಂತೀನಲ್ಲ!” ಎಂದು ಅವರು ಕೂಗಿ ಹ್ಯಾಂಡ್ ಬ್ರೇಕ್ ಎಳೆದರು. ಕಾರು ಒಂದು ಸಲ ನಡುಗಿ ನಿಂತಿತು. ಅದು ಮತ್ತೆ ಏಳಲಿಲ್ಲ.

ಆಮೇಲಿನದು ಮಂದಿಯ ಸಂತೆ. ಮೋಟಾರ್ ಸೈಕಲ್ಲಿನವರು ನಿಂತರು, ಗದ್ದೆಯವರು ಬಂದರು. ಎಲ್ಲರದೂ ಒಂದೇ ಪ್ರಶ್ನೆ, “ಯಾರು ಹೊಡ್ಯಾಕತ್ತಿದ್ರಿ?” ನಮ್ಮವರು ನನ್ನ ಕಡೆ ನೋಡಿದರು. “ಓಹೋ, ಅಕ್ಕಾರೇನು!” ಎಂದು ಅವರೆಲ್ಲ ಅಲ್ಲಿಗೆ ವಿಚಾರಣೆ ಮುಗಿಸಿದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮಾನವಿಯ ಗ್ಯಾರೇಜಿಗೆ ಎಳೆದುಕೊಂಡು ಹೋದೆವು. ತಂಗಿಯ ಮನೆಯ ಮುಂದೆ ನಾನು ಹಾರ್ನ್ ಬಾರಿಸಲಿಲ್ಲ. ಧೂಳು ಮೆತ್ತಿದ ಮುಖ ಹೊತ್ತುಕೊಂಡು ನಡೆದೇ ಹೋದೆ.

ಆ ಸಂಜೆ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ನಾನು ಬಿಕ್ಕುತ್ತಿದ್ದಾಗ ನಮ್ಮವರು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮೆತ್ತಗೆ ಹೇಳಿದರು, “ಇರಲಿ ಬಿಡು. ಕೆಲವರಿಗಿ ಗಾಡಿ ಆಗಿ ಬರಂಗಿಲ್ಲ.”

ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ಮನೆ ಆಗಿಬರಬೇಕು, ಎತ್ತು ಆಗಿಬರಬೇಕು, ಸೊಸೆಯ ಕಾಲ್ಗುಣ ಆಗಿಬರಬೇಕು, ಗಾಡಿಯೂ ಆಗಿಬರಬೇಕು. ಕಾರು ಕೊಳ್ಳುವವರು ಇಂಜಿನ್ ನೋಡುವ ಮೊದಲು ‘ಇದು ನಿಮಗ ಆಗಿ ಬಂದದೇನ್ರಿ’ ಎಂದು ಕೇಳುತ್ತಾರೆ. ಆಗಿಬರುವುದಿಲ್ಲ ಎಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಯಾರೂ ಮತ್ತೆ ಯಾಕೆ ಏನು ಎಂದು ಕೆದಕುವುದಿಲ್ಲ. ನಾನೂ ಕೆದಕಲಿಲ್ಲ. ಅದೇ ನನ್ನ ಹೊಟ್ಟೆಯನ್ನು ಈಗ ಉರಿಸುವುದು.

ಕೆಲವು ದಿನ ಬಿಟ್ಟು ನಮ್ಮವರು ಒಬ್ಬರೇ ಹೋಗಿ ಕಾರು ಬಿಡಿಸಿಕೊಂಡು ಬಂದರು. “ಇಂಜಿನ್ನಿನ ಹೆಡ್ ಹೋಗಿತ್ತಂತ. ಗ್ಯಾಸ್ಕೆಟ್ ಸುಟ್ಟು, ಹೆಡ್ ಬಗ್ಗಿ…” ಎಂದು ಅರ್ಧಕ್ಕೆ ಬಿಟ್ಟರು. ಇಪ್ಪತ್ತಾರು ಸಾವಿರ ಆಗಿತ್ತು. ಕೆಡಿಸಿದವಳು ನಾನು, ಕೊಡುವವಳೂ ನಾನೇ ಎಂದು ನನ್ನ ಸಂಬಳದಲ್ಲಿ ಕಟ್ಟಿದ್ದ ಚೀಟಿ ಎತ್ತಿ ಅವರ ಕೈಗೆ ಇಟ್ಟೆ. “ಯಾಕ ಬೇಕು” ಎಂದರು. ಆದರೂ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಚೊಂಬು ಹಿಡಿದು ಕಾರಿನ ಹತ್ತಿರ ಹೋದೆ. ಅವರು ಒಳಗಿನಿಂದ ಹೆಚ್ಚುಕಡಿಮೆ ಓಡಿ ಬಂದರು.

“ಇನ್ನ ನೀ ನೀರು ಹಾಕಬ್ಯಾಡ. ನಾನ ನೋಡ್ಕೋತೀನಿ.”

ಅಂದಿನಿಂದ ಅಂಗಳದ ಗೋಡೆಯ ಗೂಡಿನಲ್ಲಿ, ನೀರಿನ ಬದಲು ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟಿನ ಒಂದು ಬಾಟ್ಲಿ ಬಂದು ಕೂತಿತು. ಅವರೇ ತರುವುದು, ಅವರೇ ಹಾಕುವುದು. ಸ್ಟೇರಿಂಗ್ ಹೋದದ್ದು ಹೋಯಿತು, ಚೊಂಬು ನೀರಿಗೂ ನನ್ನ ಕೈ ಬೇಡವಾಯಿತೇ ಎಂದು ಹಿತ್ತಲಿಗೆ ಹೋಗಿ ಅತ್ತೆ. ಅಮಾವಾಸ್ಯೆಯ ವಿಭೂತಿಯನ್ನೂ ಬಿಟ್ಟೆ. ಅವರು ಯಾಕೆ ಬಿಟ್ಟೆ ಎಂದು ಕೇಳಲಿಲ್ಲ.

ತಂಗಿ ಮಾತ್ರ ಬಿಡುವವಳಲ್ಲ. “ಯಕ್ಕಾ, ಮತ್ತ ಯಾವಾಗ ಕೂಡ್ತಿ ಗಾಡಿ ಮ್ಯಾಲ?”

“ನನಗ ಗಾಡಿ ಆಗಿ ಬರಂಗಿಲ್ಲವ್ವಾ.”

“ಅದೇನು ಮನಿ ಅಳಿಯ ಏನಬೇ, ಆಗಿ ಬರಾಕ? ಕಬ್ಬಿಣ ಅದು! ಮಾಮಾರಿಗಿ ಹೇಳು, ಇಲ್ಲಾಂದ್ರ ನಾನ ಬಂದು ಹೇಳ್ತೀನಿ.”

“ಸುಮ್ಮನಿರು ನೀನು” ಎಂದು ಬೈದು ಫೋನ್ ಇಡುತ್ತಿದ್ದೆ. ಆಕೆ ಪ್ರತಿ ಸಲ ಕೇಳಿದಳು, ನಾನು ಪ್ರತಿ ಸಲ ಬೈದೆ. ಬರಬರುತ್ತಾ ಕೇಳುವುದನ್ನೂ ಬಿಟ್ಟಳು. ದೇವದುರ್ಗಕ್ಕೆ ನಾವು ಹೋಗಲಿಲ್ಲವೆಂದಲ್ಲ, ಸಣ್ಣವ್ವನ ಮನೆಯ ಮದುವೆಗೆ, ತೊಟ್ಟಿಲಿಗೆ, ಕೊನೆಗೆ ಸಣ್ಣವ್ವನ ಮಣ್ಣಿಗೆ, ಎಲ್ಲದಕ್ಕೂ ಹೋದೆವು. ನಮ್ಮವರು ಹೊಡೆದರು. ಗಾಡಿ ಎಲ್ಲೂ ನಿಲ್ಲಲಿಲ್ಲ. ಕಾಲುವೆ ಬಂದಾಗ ಹಿಂದಿನ ಸೀಟಿನಿಂದ ತಂಗಿ ನನ್ನ ಭುಜ ಚಿವುಟುತ್ತಿದ್ದಳು, ನಾನು ತಿರುಗಿ ನೋಡುತ್ತಿರಲಿಲ್ಲ.

ಹೋದ ವರ್ಷ ಆಕೆಯೂ ಹೋದಳು. ಎರಡು ದಿನದ ಜ್ವರ ಎಂದರು, ಕಿಡ್ನಿ ಎಂದರು, ಏನೇನೋ ಎಂದರು. ಸುದ್ದಿ ಬಂದಾಗ ಇದೇ ಕಾರಿನಲ್ಲಿ ಮಾನವಿಗೆ ಹೋದೆ. ಎಡಗಡೆಯ ಸೀಟಿನಲ್ಲಿ, ಎಂದಿನಂತೆ. ಕಲ್ಲೂರು ದಾಟಿ ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡೆ.

ಈ ಬೇಸಿಗೆಯಲ್ಲಿ ನಮ್ಮವರ ಕಣ್ಣು ಕೈಕೊಟ್ಟವು. ಎದುರಿನ ಗಾಡಿಯ ದೀಪಗಳು ಒಡೆದು ನಾಲ್ಕಾಗಿ ಕಾಣುತ್ತವೆ ಎಂದರು. ಇನ್ನು ಹೊಡೆಯಬೇಡಿ ಎಂದು ಡಾಕ್ಟರು ಖಡಕ್ಕಾಗಿ ಹೇಳಿದರು. ಕಾರು ಬೇವಿನ ಗಿಡದ ಕೆಳಗೆ ನಿಂತಿತು. ಮೈತುಂಬ ಎಲೆ, ಹಕ್ಕಿಯ ಹೇಲು. ಒಂದು ದಿನ ಅದನ್ನು ನೋಡುತ್ತಾ ಕೂತವರು ತಮ್ಮಷ್ಟಕ್ಕೆ ಅಂದರು, “ನೀನರ ಕಲಿತಿದ್ದಿ ಅಂದ್ರ…” ನನಗೆ ಎಲ್ಲಿಲ್ಲದ ಸಿಟ್ಟು ಬಂದು ಒಳಗೆ ಎದ್ದುಹೋದೆ. ಆ ವಾರವೇ ಮಾರುವ ಮಾತು ಬಂತು.

ಕೊಳ್ಳಲು ಬಂದದ್ದು ಮಸರಕಲ್ ಕಡೆಯ ಒಬ್ಬ ಹೆಣ್ಣುಮಗಳು ಮತ್ತು ಆಕೆಯ ಅಣ್ಣ. ಆಕೆಗೆ ದೇವದುರ್ಗದಲ್ಲಿ ನರ್ಸ್ ಕೆಲಸ. ಊರಿನಿಂದ ದಿನಾ ಬಸ್ಸಿಗೆ ಕಾಯ್ದು ಕಾಯ್ದು ಸಾಕಾಗಿ, ಹೊಡೆಯಲು ಕಲಿತು, ಈಗ ಕೈಗೆಟುಕುವ ಹಳೇ ಗಾಡಿ ಹುಡುಕುತ್ತಿದ್ದಳು. ಬಂದವಳೇ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದಳು. ತಿರುವಿನಲ್ಲಿ ಒಂದು ಸಲವೂ ಬಂದ್ ಬೀಳಲಿಲ್ಲ. ನಾನು ಒಳಗೆ ಚಹಾ ಕಾಸುತ್ತಾ ಕಿಟಕಿಯಿಂದ ನೋಡುತ್ತಿದ್ದೆ.

ನಮ್ಮವರು ಮಾರುವ ವಿಷಯದಲ್ಲಿ ಬಲು ಪ್ರಾಮಾಣಿಕರು. ದೋಷ ಮುಚ್ಚಿ ಕೊಡುವ ಜಾತಿಯವರಲ್ಲ. ಒಂದೊಂದಾಗಿ ತೋರಿಸುತ್ತಿದ್ದರು. ಈ ಗಾಜು ಕೈಲೆ ಎತ್ತಬೇಕು, ಎ.ಸಿ. ನಂಬಬೇಡಿ, ಕ್ಲಚ್ ಸ್ವಲ್ಪ ಬಿಗಿ ಅದ, ಎಡಗಡೆಯ ಬುಷ್ ಮುಂದಿನ ವರ್ಷ ಹಾಕಿಸಬೇಕಾದೀತು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದೆ.

“ಇಂಜಿನ್ ಬಿಚ್ಚಿಸಿದ್ರೇನ್ರಿ ಸರ್, ಯಾವಾಗರ?” ಎಂದು ಅಣ್ಣ ಕೇಳಿದ.

“ಒಂದ ಸಲ ಬಿಚ್ಚಿಸೀವಿ. ಸುಳ್ಳ್ಯಾಕ ಹೇಳ್ಲಿ. ಮೊದಲು ನಾವು ಬೋರಿನ ನೀರು ಹಾಕ್ತಿದ್ವಿ. ಸವುಳು ಕಟ್ಟಿ ರೇಡಿಯೇಟರ್ ಪೂರಾ ಮುಚ್ಚಿಬಿಟ್ಟಿತ್ತು, ಮಿಸ್ತ್ರಿ ಬಿಚ್ಚಿ ತೋರಿಸಿದ, ಬೆಳ್ಳಗ ಸುಣ್ಣ ಹೊಡದಂಗ ಆಗಿತ್ತು. ಯಾರು ಹೊಡದಿದ್ರೂ ಅವತ್ತು ಹೆಡ್ ಹೋಗೋದ ಇತ್ತು. ತಪ್ಪು ನಂದ. ಆ ಮ್ಯಾಲ ಕೂಲಂಟ್ ಬಿಟ್ಟು ಹನಿ ನೀರು ಹಾಕಿಲ್ಲ, ನೀವೂ ಹಾಕಬ್ಯಾಡ್ರಿ.”

ಹೇಳಿ ಮುಗಿಸಿ ತಿರುಗಿದರು. ಬಾಗಿಲಲ್ಲಿ ನಾನು.

ಕೈಯಲ್ಲಿ ಚಹಾದ ತಟ್ಟೆ. ಕೆಳಗೆ ಇಡಲು ಜಾಗ ಕಾಣಲಿಲ್ಲ. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಗಡಸು ನೀರಿನ ಪಾಠ ಹೇಳಿದ ಮನುಷ್ಯ! ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಗಟ್ಟಿಯನ್ನು ನಾನು ಹುಣಸೆಹಣ್ಣು ಹಾಕಿ ಉಜ್ಜುವಾಗ ಪಕ್ಕದಲ್ಲಿ ನಿಂತು ಅದರ ಹೆಸರು ಹೇಳುತ್ತಿದ್ದವರು. ಮಿಸ್ತ್ರಿಯ ಮುಂದೆ ನಾಚಿಕೆಯಾಗಿರಬೇಕು, ನನಗೆ ಅರ್ಥವಾಗುತ್ತದೆ. ಮನೆಗೆ ಬಂದು ನನಗೆ ಒಂದು ಮಾತು ಹೇಳಲು ಏನಾಗಿತ್ತು? ಮೊದಲ ದಿನ ಹೇಳಲಿಲ್ಲ. ಚೀಟಿಯ ರೊಕ್ಕ ಕೊಟ್ಟಾಗ ಹೇಳಲಿಲ್ಲ. ಆಮೇಲೆ ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳುವುದು ಹೇಗೆಂದು ಹೇಳಲಿಲ್ಲ. ಗುರುತಿಲ್ಲದ ಹುಡುಗನಿಗೆ, ಎಲ್ಲಿ ಮೋಸವಾದೀತೋ ಎಂದು, ಒಂದೇ ಉಸಿರಿಗೆ ಹೇಳಿಬಿಟ್ಟರು.

ನಮ್ಮವರು ಮುಖ ಸಣ್ಣದು ಮಾಡಿಕೊಂಡು ಕನ್ನಡಕ ಒರೆಸುತ್ತಾ ನಿಂತರು. ಇದೇನೂ ತಿಳಿಯದ ಆ ಹುಡುಗಿ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು, ಎಲ್ಲರಿಗೂ ತಾನೇ ಚಹಾ ಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು. ಮನೆಯ ಹೆಂಗಸನ್ನೇ ಕೇಳುವ ಮಾತು ಅದು.

“ಯವ್ವಾ, ಖರೇ ಹೇಳ್ರಿ. ಈ ಗಾಡಿ ನಿಮಗ ಆಗಿ ಬಂದಿತ್ತೇನ್ರಿ?”

ನಮ್ಮವರ ಕೈಯಲ್ಲಿ ಕನ್ನಡಕ ಹಾಗೇ ನಿಂತಿತು.

“ಆಗಿ ಬರ್ತಿತ್ತವ್ವಾ” ಎಂದೆ. “ನನಗ ಗೊತ್ತಿರಲಿಲ್ಲ.”

ಆಕೆಗೆ ಏನು ಅರ್ಥವಾಯಿತೋ, ನಕ್ಕು ತಲೆಯಾಡಿಸಿದಳು. ವ್ಯವಹಾರ ಮುಗಿಯಿತು. ಒಳಗೆ ಹೋಗಿ ವಿಭೂತಿ ತಂದು, ಎಷ್ಟೋ ವರ್ಷಗಳ ಮೇಲೆ ಬಾನೆಟ್ಟಿಗೆ ಹಚ್ಚಿದೆ. ಹಸಿರು ಬಾಟ್ಲಿಯನ್ನೂ ಡಿಕ್ಕಿಯಲ್ಲಿ ಇಟ್ಟು ಕೊಟ್ಟೆ. ಅಣ್ಣ ಎಡಗಡೆ ಕೂತ, ಆಕೆ ಸ್ಟೇರಿಂಗ್ ಹಿಡಿದಳು. ಓಣಿಯ ತುದಿಯಲ್ಲಿ ಹಾರ್ನ್ ಬಾರಿಸಿ ದೇವದುರ್ಗದ ಕಡೆ ತಿರುಗಿದಳು.

ಸಂಜೆಯಾಯಿತು. ದೀಪ ಹಚ್ಚಿ ಬಂದು ಕಟ್ಟೆಯ ಮೇಲೆ ಕೂತಾಗ ಅವರು ಬಂದು ಪಕ್ಕದಲ್ಲಿ ಕೂತರು, ಮಾನವಿಯಲ್ಲಿ ಕೂತ ಹಾಗೆಯೇ. ಬೇವಿನ ಗಿಡದ ಕೆಳಗೆ ಕಾರಿನಷ್ಟು ಅಗಲ ಎಲೆ ಬೀಳದ ಜಾಗ ಉಳಿದಿತ್ತು.

“ತಪ್ಪಾತು ನಂದು” ಎಂದರು. ಆಮೇಲೆ, “ಈಗರ ಏನಾತು? ನಿನ್ನ ಕಣ್ಣು ಛಲೋ ಅದಾವ. ನಾಳಿಗೇ ಡ್ರೈವಿಂಗ್ ಸ್ಕೂಲಿಗಿ ಹೋಗೋಣು. ಒಂದು ಸಣ್ಣ ಗಾಡಿ ನೋಡೋಣು. ನೀ ಕಲಿ” ಎಂದರು.

ಬೈಯಬೇಕೆಂದು ಆಗಿನಿಂದ ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ, ಬಾಯಿಗೆ ಒಂದೇ ಬಂತು.

“ಕಲ್ತು ಯಾರ ಮನಿಗಿ ಹೋಗ್ಲಿ?”